ಹಕ್ಕಲಿಗೆ ಬಿಟ್ಟ ಮಷಿನ್

ತಾರಿಹಾಳ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ ಚರಂಡಿ ತುಂಬಿ ಶೆಡ್ಡುಗಳಿಗೆ ನೀರು ನುಗ್ಗಿದೆ ಎಂಬ ಸುದ್ದಿ ಬಂದಿದ್ದರಿಂದ ಈ ಜೂನ್‌ನ ಒಂದು ಬೆಳಿಗ್ಗೆ ಪತ್ರಿಕೆಯ ವರದಿಗೆಂದು ಅಲ್ಲಿಗೆ ಹೋಗಿದ್ದೆ. ನಾನು ತಲುಪುವಷ್ಟರಲ್ಲಿ ನೀರು ಇಳಿದಿತ್ತು. ಮತ್ತೆ ಮಳೆ ಶುರುವಾದಾಗ ಒಂದು ತಗಡಿನ ಚಾವಣಿಯ ಅಂಚಿಗೆ ಸರಿದು ನಿಂತೆ. ಒಳಗಿನಿಂದ ಕಾದ ಇಸ್ತ್ರಿಯ ಕೆಳಗೆ ಹೊಸ ಬಟ್ಟೆಯ ಗಂಜಿ ಬಿಸಿಯಾಗುವ ವಾಸನೆ ಬಂತು. ಅದರ ಹಿಂದೆಯೇ ಹೊಲಿಗೆ ಮಷಿನ್ ಎಣ್ಣೆಯ ವಾಸನೆ. ಕಬ್ಬಿಣ ಕೊರೆಯುವ, ಬೆಸುಗೆ ಹಾಕುವ ಆ ಸಾಲಿನಲ್ಲಿ ಬಟ್ಟೆಯ ವಾಸನೆ ಬರುವ ಶೆಡ್ಡು ಒಂದೇ. ಬೋರ್ಡು ಓದುವ ಮೊದಲೇ ಎಲ್ಲಿ ನಿಂತಿದ್ದೇನೆಂದು ತಿಳಿಯಿತು.

ಆ ಶೆಡ್ಡು ಶುರುವಾದದ್ದು ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ. ನಾನಾಗ ದೇಶಪಾಂಡೆ ನಗರದ ಒಂದು ಹಳೆಯ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಒಡತಿ ಎಸ್ತೇರಕ್ಕ. ವಯಸ್ಸು ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಹಳ ವರ್ಷ ಮೇಲ್ವಿಚಾರಕಿಯಾಗಿದ್ದವರು. ಆ ಕಾರ್ಖಾನೆ ಕೊರೊನಾ ಕಾಲದಲ್ಲಿ ಮುಚ್ಚಿತು. ಜೊತೆಗೆ ಕೆಲಸ ಕಳೆದುಕೊಂಡ ಹೆಂಗಸರು ಆಗಾಗ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಎರಡು ವರ್ಷ ಮನೆಯಲ್ಲೇ ಉಳಿದ ಮಕ್ಕಳು ಎತ್ತರವಾಗಿದ್ದರು, ಊರಿನ ಒಂದು ಮಗುವಿಗೂ ಹಳೆಯ ಯೂನಿಫಾರ್ಮ್ ಆಗುತ್ತಿರಲಿಲ್ಲ. ಎಸ್ತೇರಕ್ಕ ಇದನ್ನು ಲೆಕ್ಕ ಹಾಕಿ, ತಾರಿಹಾಳದಲ್ಲಿ ಶೆಡ್ಡು ಹಿಡಿದು, ಆ ಹೆಂಗಸರನ್ನೇ ಕೂಡಿಸಿ ಹೊಲಿಗೆ ಘಟಕ ಶುರು ಮಾಡಿದರು. ಪಾಲುದಾರ ಅವರ ತಮ್ಮ ದಾನಿಯೇಲ. ಊರಿಗೆಲ್ಲ ದಾನಪ್ಪ. ಹೊಲಿಗೆ ಮಷಿನ್ ರಿಪೇರಿಯಲ್ಲಿ ಪಳಗಿದ ಕೈ.

ಶೆಡ್ಡು ತೆರೆದ ದಿನ ನಾನೂ ಹೋಗಿದ್ದೆ. ಕೊರೊನಾ ನಂತರದ ಸಣ್ಣ ಉದ್ಯಮಗಳ ಬಗ್ಗೆ ಲೇಖನ ಬರೆಯುವುದಿತ್ತು. ಅವರ ಚರ್ಚಿನ ಸಭಾಪಾಲಕರು ಪ್ರಾರ್ಥನೆ ಮಾಡಲು ಬರಲಿದ್ದರು. ಅಷ್ಟರಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದ ಮಹಾದೇವಿ ಬಾಗಿಲಿಗೆ ಕಟ್ಟಲು ಲಿಂಬೆಹಣ್ಣು, ಒಡೆಯಲು ತೆಂಗಿನಕಾಯಿ ತಂದಿದ್ದರು. ದಾನಪ್ಪನಿಗೆ ಮುಜುಗರ.

‘ಅಕ್ಕಾ, ಪಾಸ್ಟರ್ ಬರೋ ಹೊತ್ತಾತು. ಇದೇನಿದು?’

‘ಕಾಯಿ ದೇವರು ಬೆಳೆಸಿದ್ದೋ ಇಲ್ಲೋ? ಒಡಿ. ಬೆಲ್ಲ ಹಚ್ಚಿ ಎಲ್ಲಾರೂ ತಿನ್ನೂಣು. ಲಿಂಬಿಹಣ್ಣು ಪಾನಕಕ್ಕ ಹಿಂಡ್ರಿ. ಮೊದಲ ಗ್ಲಾಸ್ ಪಾಸ್ಟರ್‌ಗೆ ಕೊಡ್ರಿ, ಬಿಸಲಾಗ ಬರಾಕತ್ತಾರ.’

ಮಹಾದೇವಿ ನಕ್ಕರು. ಸಭಾಪಾಲಕರು ಪಾನಕ ಕುಡಿದೇ ಪ್ರಾರ್ಥನೆ ಶುರು ಮಾಡಿದರು.

ಎಸ್ತೇರಕ್ಕನಿಗೆ ವ್ಯಾಪಾರದ ವಿಷಯದಲ್ಲಿ ಕೆಲವು ಹಟಗಳಿದ್ದವು, ಎಲ್ಲವೂ ತಾವು ನಂಬಿದ ಬೈಬಲ್ ವಾಕ್ಯದಿಂದ ಬಂದವು. ಭಾನುವಾರ ಶೆಡ್ಡಿನ ಬೀಗ ತೆಗೆಯುತ್ತಿರಲಿಲ್ಲ. ಕೂಲಿಯನ್ನು ಶನಿವಾರ ಹೊತ್ತು ಮುಳುಗುವ ಮೊದಲು ಕೈಗೆ ಕೊಡುತ್ತಿದ್ದರು. ಆಗದ ದಿನಕ್ಕೆ ‘ಹೂಂ’ ಅನ್ನುತ್ತಿರಲಿಲ್ಲ, ಗಿರಾಕಿ ಎದ್ದು ಹೋದರೂ ಸರಿ. ಮಕ್ಕಳ ಬಟ್ಟೆಯ ಕೆಳಅಂಚಿನಲ್ಲಿ ಒಳಮಡಿಕೆಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡಿಸುತ್ತಿದ್ದರು. ಮುಂದಿನ ವರ್ಷ ಮಗು ಬೆಳೆದರೆ ಮಡಿಕೆ ಬಿಚ್ಚಿದರಾಯಿತು. ಇದರಿಂದ ಮುಂದಿನ ವರ್ಷದ ಆರ್ಡರು ತಾನೇ ಕಡಿಮೆಯಾಗುತ್ತದೆ ಎಂದು ದಾನಪ್ಪ ತಕರಾರು ತೆಗೆದರೆ, ‘ಬೆಳಿಯೋ ಹುಡುಗರನ್ನ ನಾವೇನ್ ತಡದು ನಿಲ್ಲಸ್ತೇವೇನು?’ ಎನ್ನುತ್ತಿದ್ದರು.

ಇವೆಲ್ಲ ಅರ್ಥವಾಗುವ ಹಟಗಳು. ಅರ್ಥವಾಗದ್ದು ಮೂಲೆಯ ಮಷಿನ್.

ಮಷಿನ್‌ಗಳನ್ನು ಎರಡು ಸಾಲಾಗಿ ಇಡುವಾಗ ಎಸ್ತೇರಕ್ಕ ಬಾಗಿಲ ಪಕ್ಕದ ಮೂಲೆಯನ್ನು ತೋರಿಸಿ, ‘ಅಲ್ಲಿ ಒಂದು ಇಡು. ಅದು ನಮ್ಮ ಕೆಲಸಕ್ಕಲ್ಲ’ ಎಂದರು.

‘ಮತ್ಯಾರ ಕೆಲಸಕ್ಕ?’

‘ಹಕ್ಕಲಿಗೆ.’

ಸುಗ್ಗಿ ಮುಗಿದ ಹೊಲದಲ್ಲಿ ಉಳಿದ, ಉದುರಿದ ತೆನೆಯೇ ಹಕ್ಕಲು. ಅದನ್ನು ಆಯ್ದುಕೊಳ್ಳುವುದು ಹೊಲವಿಲ್ಲದವರ ಪಾಲು. ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು ಶಿರಗುಪ್ಪಿ ಎಂಬ ಹಳ್ಳಿಯಲ್ಲಿ. ಅಪ್ಪ ಅಲ್ಲಿನ ಸಣ್ಣ ಪ್ರಾರ್ಥನಾ ಮನೆಯನ್ನು ನೋಡಿಕೊಳ್ಳುತ್ತಿದ್ದರು. ಸ್ವಂತ ಹೊಲ ಇರಲಿಲ್ಲ. ಜೋಳದ ಕಾಲಕ್ಕೆ ಅವ್ವ ಇಬ್ಬರನ್ನೂ ಕರೆದುಕೊಂಡು ಹಕ್ಕಲು ಆಯಲು ಹೋಗುತ್ತಿದ್ದರು.

‘ಒಬ್ಬ ಗೌಡ್ರು ಬದುವಿನ ಗುಂಟ ನಾಕು ಸಾಲು ಕೊಯ್ಯದ ಬಿಡ್ತಿದ್ರು, ನೆನಪೈತಿಲ್ಲೋ?’ ಎಂದರು ಎಸ್ತೇರಕ್ಕ. ‘ಹೊಲದ ಮೂಲಿ ಬಡವರಿಗೆ ಬಿಡ್ರಿ ಅಂತ ದೇವರು ಮೋಶೆಗೆ ಹೇಳಿದ್ದನ್ನ ಆ ಗೌಡ್ರಿಗೆ ಯಾರೂ ಓದಿ ಹೇಳಿರಲಿಲ್ಲ. ಅವ್ರು ಲಿಂಗ ಕಟ್ಟಿದೋರು. ಹೇಳದನ ಬಿಟ್ರು. ನಾವು ಓದಿದೋರು, ನಾವೇನ್ ಬಿಟ್ಟೀವಿ?’

‘ಗೌಡ್ರ ಹೊಲಕ್ಕ ಬ್ಯಾಂಕಿನ ಕಂತಿರಲಿಲ್ಲಕ್ಕಾ. ಈ ಮಷಿನ್‌ಗೆ ಐತಿ.’

‘ಹೊಲಕ್ಕ ಮಳಿ ಕಾಯೂದಿತ್ತಿಲ್ಲೋ? ಅದೂ ಕಂತ ಅಲ್ಲೇನು?’

ದಾನಪ್ಪ ಸೋತವನಂತೆ, ‘ಹಂಗಾರ ಹಳೇದೊಂದು ಇಡ್ತೇನಿ’ ಎಂದ.

‘ಹಳೇದು ಸಾಲಿನ್ಯಾಗ ಇಡು. ಮೂಲ್ಯಾಗ ಹೊಸಾದು. ಬಂದೋರು ಒಂದು ತಾಸಿನ ಸಲುವಾಗಿ ಬರ್ತಾರ. ಆ ತಾಸೂ ಹರದ ದಾರ ಪೋಣಿಸ್ಕೊಂತ ಕುಂತ್ರ ಏನ್ ಹೊಲದಾರು?’

ಕಾಯಕ, ದಾಸೋಹ ಎಂಬ ಮಾತುಗಳನ್ನು ಊಟದ ಜೊತೆಗೇ ಬಡಿಸುತ್ತಿದ್ದ ಮನೆಯಿಂದ ಬಂದವನು ನಾನು. ಮಾತು ಕೇಳಿದ್ದೆ, ಮಷಿನ್ ಕೊಟ್ಟದ್ದನ್ನು ನೋಡಿರಲಿಲ್ಲ. ಅದನ್ನು ಲೇಖನಕ್ಕೆ ಗುರುತು ಹಾಕಿಕೊಂಡೆ. ಜೊತೆಗೆ, ಇದು ಎಷ್ಟು ದಿನ ನಡೆದೀತು ಎಂಬ ಪ್ರಶ್ನೆಯನ್ನೂ.

ಮಷಿನ್ ಇಲ್ಲದವರು ಯಾರಾದರೂ ಬಂದು ದುಡ್ಡು ಕೊಡದೆ ಹೊಲಿದುಕೊಳ್ಳಬಹುದು. ಮೂಲೆಗೆ ನಿಯಮ ಎರಡೇ: ದಾರ ನಿಮ್ಮದು, ಎದ್ದು ಹೋಗುವಾಗ ಮಷಿನ್ ಒರೆಸಿ ಹೋಗಿ. ಮೊದಲು ಯಾರೂ ಬರಲಿಲ್ಲ. ಆಮೇಲೆ ಶಿರಗುಪ್ಪಿಯ ಒಬ್ಬ ಮುದುಕಿ ಕೌದಿಯ ಅಂಚು ಹೊಲಿಯಲು ಬಂದಳು. ಆಮೇಲೆ ರೇಣುಕಾ ಬಂದಳು. ತಾರಿಹಾಳ ಊರಿನವಳು. ಗಂಡ ಹತ್ತಿರದ ಲೇತ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ, ಒಬ್ಬ ಮಗಳು ಶಾಲೆಗೆ ಹೋಗುತ್ತಿದ್ದಳು. ಅಕ್ಕಪಕ್ಕದವರ ಜಂಪರ್ ತಂದು ಹೊಲಿಯುತ್ತಿದ್ದವಳು ಬಿಡುವಾದಾಗ ಸಾಲಿನ ಹೆಂಗಸರ ಕೈ ನೋಡುತ್ತ ನಿಲ್ಲುತ್ತಿದ್ದಳು. ಕಾಲರ್ ಕೂಡಿಸುವುದನ್ನು ಎಸ್ತೇರಕ್ಕನೇ ಪಕ್ಕದಲ್ಲಿ ಕುಳಿತು ಕಲಿಸಿದರು.

‘ಬಂದ್ಲು ನೋಡ್ರಿ ಮೂಲಿ ಮಾಲಕಿ’ ಎಂದು ಮಹಾದೇವಿ ಕೆಣಕುತ್ತಿದ್ದರು.

‘ಹೌದ್ರಿ ಮತ್ತ. ನಿಮಗ ಮ್ಯಾಲೊಬ್ರು ಅದಾರ. ನಂಗ ಯಾರದಾರ? ನಿಮಗಿಂತ ನಾನ ಮೇಲು.’

‘ಪಗಾರ ಇಲ್ಲದ ಮಾಲಕಿ!’

‘ಅದೊಂದು ಬಿಡ್ರಿ.’

ಆ ಬೇಸಿಗೆ ಶೆಡ್ಡು ನಗುತ್ತಲೇ ಕೆಲಸ ಮಾಡಿತು. ಮೇ ತಿಂಗಳಿಗೆ ದೊಡ್ಡ ನಂಬಿಕೆಯಿದ್ದದ್ದು ಹತ್ತಿರದ ಒಂದು ಖಾಸಗಿ ಶಾಲೆಯ ಮೇಲೆ. ಹುಡುಗರ ಅಂಗಿ, ಚಡ್ಡಿ, ಹುಡುಗಿಯರು ಅಂಗಿಯ ಮೇಲೆ ತೊಡುವ ತೋಳಿಲ್ಲದ ಪಿನಾಫೋರ್ ಎಲ್ಲ ಇವರಿಗೇ ಎಂದು ಬಾಯಿಮಾತಾಗಿತ್ತು. ಇಡೀ ಮಳೆಗಾಲ ಶೆಡ್ಡು ನಡೆಯುವುದು ಅದರ ಮೇಲೆ ನಿಂತಿತ್ತು. ದಾನಪ್ಪ ಮಾದರಿ ಬಟ್ಟೆಗಳನ್ನು ತೆಗೆದುಕೊಂಡು ಶಾಲೆಗೆ ಹೋದ. ತಿರುಗಿ ಬಂದಾಗ ನಾನು ಕಟಿಂಗ್ ಟೇಬಲ್ಲಿನ ಹತ್ತಿರ ಕುಳಿತಿದ್ದೆ. ಹೆಲ್ಮೆಟ್ ತೆಗೆಯದೆ ನೇರ ಅಕ್ಕನ ಮುಂದೆ ನಿಂತ.

‘ಪಿನಾಫೋರ್ ಹೋತು. ಬ್ಯಾರೇದೋರಿಗೆ ಕೊಟ್ಟಾರ.’

‘ಯಾರಿಗೆ?’

‘ಹೆಡ್ ಮೇಡಮ್ಮಾರು ಅವರ ಮಾದರಿ ತೋರಿಸಿದ್ರು. ನಾ ಮಡಿಕಿ ತಿರುವಿ ನೋಡಿದೆ. ಒಳಗ ಎರಡು ಬೆರಳು ಬಟ್ಟಿ. ಈ ಊರಾಗ ಹಂಗ ಬಿಡಾಕಿ ನೀನೊಬ್ಬಾಕೀನ ಇದ್ದಿ.’

ಎಸ್ತೇರಕ್ಕ ಕತ್ತರಿ ಕೆಳಗಿಟ್ಟರು. ಬಾಗಿಲ ಮೂಲೆಯ ಕಡೆ ನೋಡಿದರು. ಅಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ.

‘ಈಗ ಇಬ್ರಾದ್ವಿ’ ಎಂದರು.

‘ಆ ರೇಣುಕಾ ನಮ್ಮ ಮಷಿನ್ ಮ್ಯಾಲೆ ಕುಂತು, ನಿನ್ನ ಕಡಿಂದ ಕಲ್ತು, ನಮ್ಮ ಸಾಲಿ ಆರ್ಡರ್ ತಗೊಂಡಾಳ. ನೀ ಏನೂ ಅನ್ನಂಗಿಲ್ಲ?’

‘ಏನ್ ಅನ್ನಲಿ?’

ಮರುದಿನ ಬೆಳಿಗ್ಗೆ ರೇಣುಕಾ ಎಂದಿನಂತೆ ಬಂದಳು. ಕೈಚೀಲದಲ್ಲಿ ನೀಲಿ ಬಟ್ಟೆ. ಪಿನಾಫೋರ್‌ಗಳನ್ನು ತನ್ನ ಓಣಿಯ ನಾಲ್ಕಾರು ಮನೆಯ ಕಾಲ್ಮಷಿನ್‌ಗಳಿಗೆ ಹಂಚಿ, ಕಷ್ಟದ ಹೊಲಿಗೆಯನ್ನು ತಾನು ಇಲ್ಲಿ ಮಾಡುವುದು ಅವಳ ಯೋಜನೆ. ಎರಡೂ ಸಾಲಿನ ಮಷಿನ್‌ಗಳು ನಿಂತವು. ಅವಳು ಕುಳಿತು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತಿದ್ದಂತೆ ದಾನಪ್ಪ ಹೋಗಿ ಗೋಡೆಯ ಮೇಲಿದ್ದ ಆ ಮಷಿನ್‌ನ ಸ್ವಿಚ್ ಆರಿಸಿದ. ಎಸ್ತೇರಕ್ಕ ಎದ್ದರು. ಟೇಬಲ್ ಸುತ್ತಿಕೊಂಡು ನಿಧಾನ ನಡೆದು ಬಂದು ಸ್ವಿಚ್ ಹಾಕಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದಾನಪ್ಪ ಹೊರಗೆ ಹೋದ, ಬೈಕ್ ಶುರುವಾದ ಸದ್ದು ಕೇಳಿಸಿತು.

‘ಅಕ್ಕಾರ, ಸಿಟ್ಟಾಗೀರೇನ್ರಿ?’ ಎಂದು ರೇಣುಕಾ ಕೇಳಿದಳು.

‘ಆಗೇನಿ. ಹೊಲಿ.’

ಎರಡೂ ಕಡೆ ಕೇಳದೆ ಒಂದು ಸಾಲೂ ಬರೆಯಬಾರದೆಂದು ಸುದ್ದಿಮನೆಯಲ್ಲಿ ಕಲಿತಿದ್ದೆ. ಆ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ರೇಣುಕಾಳನ್ನು ಮಾತಾಡಿಸಿದೆ. ಅವಳು ಅಳಲಿಲ್ಲ, ಸಬೂಬು ಹೇಳಲಿಲ್ಲ. ಮಗಳು ಅದೇ ಶಾಲೆಯವಳು. ತಾನೇ ಹೊಲಿದ ಪಿನಾಫೋರ್ ಹಾಕಿ ಅವಳನ್ನು ಕಳಿಸಿದ್ದಳು. ಅದನ್ನು ನೋಡಿ ಹೆಡ್ ಮೇಡಂ ಕರೆಸಿ ಕೇಳಿದ್ದರು.

‘ಅದು ಅಕ್ಕಾರಿಗೆ ಮಾತಾಗಿದ್ದು ಅಂತ ನಂಗ ಗೊತ್ತಿತ್ರಿ. ಗೊತ್ತಿಲ್ಲ ಅಂದ್ರ ಸುಳ್ಳಾಕೈತಿ. ಒಂದು ದಿನ ಪೂರಾ ವಿಚಾರ ಮಾಡಿದೆ. ಹಿಂಗ ಕರದು ಕೊಡೋರು ಮತ್ತೊಮ್ಮೆ ಬರ್ತಾರೇನ್ರಿ ನಮ್ಮಂಥೋರಿಗೆ? ಹೂಂ ಅಂದೆ. ಅಕ್ಕಾರು ಕುಂದ್ರು ಅಂದಿದ್ರು, ಇಂಥಾದ್ದ ಹೊಲಿ ಅಂತ ಹೇಳಿರಲಿಲ್ಲ.’ ಕೈಚೀಲ ಎತ್ತಿಕೊಂಡು, ‘ಆದ್ರೂ ಊಟ ಸೇರವಲ್ದು’ ಎಂದಳು.

ದಾನಪ್ಪನ ಮಾತಿನಲ್ಲೂ ನ್ಯಾಯವಿತ್ತು. ಅದನ್ನು ಅವನು ದೇಶಪಾಂಡೆ ನಗರದ ಮನೆಯ ಜಗಲಿಯಲ್ಲಿ ನಿಂತು ನನ್ನೆದುರೇ ಹೇಳಿದ. ‘ನಿನ್ನ ನಂಬಿಕಿ ನಿಂದು. ಅದಕ್ಕ ಆ ಹೆಣ್ಣಮಕ್ಕಳ ಹೊಟ್ಟಿ ಯಾಕ ಹರಕಿ ಕಟ್ಟಿದಿ? ದಸರೆ ಮಟಾ ಕೆಲಸ ಇರಂಗಿಲ್ಲ. ಮಹಾದೇವಿಗೆ ಹೋಗಿ ಹೇಳು, ಹಕ್ಕಲ ಆಯಿ ಅಂತ.’

ಅವನು ಹೋದ ಮೇಲೆ ಎಸ್ತೇರಕ್ಕ ಮೆಟ್ಟಿಲ ಮೇಲೆ ಕುಳಿತು ನನಗೆ ಹೇಳಿದರು:

‘ಪೇಪರ್‌ನೋರ, ನಾನೇನ್ ಸಂತಮ್ಮ ಅಲ್ಲ. ಆಕಿ ಮಾರಿ ನೋಡಾಕ ಆಗವಲ್ದು ನಂಗ. ಪಾಸ್ಟರ್‌ನ ಕೇಳ್ದೆ. ಕರುಣಿ ಜೊತಿ ಜಾಣತನನೂ ಇರಬೇಕವ್ವಾ ಅಂದ್ರು. ಅದೂ ಖರೇನ. ಆದ್ರ ಹಕ್ಕಲ ಆಯ್ದಾಕಿ ಆ ಜೋಳ ರೊಟ್ಟಿ ಮಾಡಿದ್ಲೋ, ಸಂತ್ಯಾಗ ನಮ್ಮ ಎದುರ ಕುಂತು ಮಾರಿದ್ಲೋ ಅಂತ ಗೌಡ್ರು ಕೇಳಿದ್ರೇನ್ರಿ? ನಮ್ಮವ್ವ ಒಂದು ವರ್ಷ ಮಾರಿದ್ಲು. ಗೌಡ್ರ ಮನಿ ಮುಂದಿನ ಸಂತ್ಯಾಗನ.’

ಜೂನ್‌ನಲ್ಲಿ ಮಳೆ ಹಿಡಿಯಿತು. ತಿಂಗಳ ಮೊದಲ ಭಾನುವಾರ ಆಟೋ ಸಿಗದೆ ಎಸ್ತೇರಕ್ಕನನ್ನು ನನ್ನ ಬೈಕ್ ಮೇಲೆ ಅವರ ಸಭೆಗೆ, ಅಂದರೆ ಚರ್ಚಿಗೆ, ಬಿಟ್ಟೆ. ಹೊರಗೆ ನಿಲ್ಲುವಂತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತೆ. ಅಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಅಂದು ಕರ್ತನ ಭೋಜನದ ದಿನ, ಎಲ್ಲರೂ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಮೊದಲು ಹೋಗಿ ಅವನೊಡನೆ ಸರಿಮಾಡಿಕೊಂಡು ಬಾ ಎಂಬುದು ಅವರಲ್ಲಿ ಗಟ್ಟಿಯಾದ ಮಾತು. ಅದನ್ನು ಎಲ್ಲರೂ ಕೇಳಿದ್ದಾರೆ, ಆದರೂ ಬಹುಪಾಲು ಜನ ಎದ್ದು ಮುಂದೆ ಹೋಗುತ್ತಾರೆ. ಅಂದು ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಎಡಗಡೆ ಎಸ್ತೇರಕ್ಕ ಒಬ್ಬರೇ ಕುಳಿತಿದ್ದರು. ಬಲಗಡೆ ಅದೇ ಸಾಲಿನಲ್ಲಿ ದಾನಪ್ಪ ಒಬ್ಬನೇ. ನಡುವೆ ನಡೆಯುವ ದಾರಿ. ಚಾವಣಿಯ ಮೇಲೆ ಮಳೆಯ ಸದ್ದಿಗೆ ಹಾಡು ಸರಿಯಾಗಿ ಕೇಳಿಸುತ್ತಿರಲಿಲ್ಲ.

ಹೊರಗೆ ಬಂದಾಗ ಒಬ್ಬ ಹಿರಿಯ ಹೆಂಗಸು ಕೇಳಿದರು, ‘ಯಾಕವ್ವಾ ಎಸ್ತೇರ, ಏಳಲಿಲ್ಲ?’

‘ಮೊಣಕಾಲು ನೋವ್ರಿ.’

ಗೇಟಿನವರೆಗೆ ಬಂದು ನಿಂತರು. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ತಿರುಗಿ ಹೋಗಿ ಆ ಹೆಂಗಸಿಗೆ, ‘ಮೊಣಕಾಲು ಅಲ್ರಿ. ತಮ್ಮನ ಜೊತಿ ಸರಿ ಇಲ್ಲ’ ಎಂದು ಹೇಳಿ ಬಂದರು.

ಒಳ್ಳೆಯತನಕ್ಕೆ ಮರಳಿ ಲಾಭ ಬಂತು ಎಂದು ಬರೆಯುವ ಆಸೆ ನನಗೂ ಇತ್ತು. ಹಾಗಾಗಲಿಲ್ಲ. ಅಂಗಿ, ಚಡ್ಡಿಯ ಕೆಲಸ ಬೇಗ ಮುಗಿಯಿತು. ಒಂದು ಆಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಚೀಲ ಸಿಕ್ಕವು. ನೇರ ಹೊಲಿಗೆ, ಕಡಿಮೆ ಕೂಲಿ. ಇಬ್ಬರು ಹೆಂಗಸರು ಬೇರೆ ಕಡೆ ಕೆಲಸ ಹುಡುಕಿಕೊಂಡರು. ಹೋಗುವಾಗ ಒಬ್ಬಳು ಎಸ್ತೇರಕ್ಕನ ಕಾಲಿಗೆರಗಿದಳು, ಇನ್ನೊಬ್ಬಳು ಕೂಲಿ ಎಣಿಸಿಕೊಂಡು ನೇರ ಹೋದಳು. ಮಹಾದೇವಿ ಉಳಿದರು. ರೇಣುಕಾ ಪಿನಾಫೋರ್‌ಗಳನ್ನು ಹೇಳಿದ ದಿನಕ್ಕೆ ಶಾಲೆಗೆ ಮುಟ್ಟಿಸಿದಳು, ಒಂದೂ ತಿರುಗಿ ಬರಲಿಲ್ಲ ಎಂದು ಕೇಳಿದೆ. ಆದರೆ ಮೂಲೆಗೆ ಅವಳು ಮತ್ತೆ ಬರಲಿಲ್ಲ. ಅವಳು ಬಾರದ್ದನ್ನು ನೋಡಿ ಬೇರೆಯವರೂ ಬರಲಿಲ್ಲ. ಶ್ರಾವಣದುದ್ದಕ್ಕೂ ಮೂಲೆ ಖಾಲಿ. ಎಸ್ತೇರಕ್ಕ ಒಂದು ಸಂಜೆ ತಾರಿಹಾಳ ಊರೊಳಗೆ ನಡೆದು ಹೋಗಿ ಅವಳ ಮನೆಯಲ್ಲಿ ಚಹಾ ಕುಡಿದು, ಮೂಲೆ ಹಾಗೇ ಇದೆ ಎಂದಷ್ಟೇ ಹೇಳಿ ಬಂದರು. ಅದು ಬಹಳ ಕಷ್ಟದ ಚಹಾ ಎಂದು ನನಗೆ ಆಮೇಲೆ ಹೇಳಿದರು.

ದಾನಪ್ಪ ದಿನಾ ಶೆಡ್ಡಿಗೆ ಬರುತ್ತಿದ್ದ. ಮಷಿನ್‌ಗಳಿಗೆ ಎಣ್ಣೆ ಬಿಡುತ್ತಿದ್ದ, ಬೆಲ್ಟ್ ಬಿಗಿ ಮಾಡುತ್ತಿದ್ದ. ಅಕ್ಕನಿಗೆ ಹೇಳುವುದನ್ನು ಮಹಾದೇವಿಗೆ ಹೇಳುತ್ತಿದ್ದ. ‘ನಾನೇನ್ ಅಂಚಿ ಪೆಟಗಿ ಏನ್ರಪಾ’ ಎಂದು ಮಹಾದೇವಿ ಗೊಣಗುತ್ತಿದ್ದರು. ಮೂಲೆಯ ಮಷಿನ್ ಒಂದನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ. ಅದರ ಮೇಲೆ ಬಟ್ಟೆಯ ನಾರು, ಧೂಳು ಕೂತಿತ್ತು.

ಗಣೇಶ ಚೌತಿ ಕಳೆದ ಮೇಲಿನ ಒಂದು ಶನಿವಾರ ಕೂಲಿ ಕೊಡುವ ಹೊತ್ತಿಗೆ ನಾನು ಅಲ್ಲಿದ್ದೆ. ಮರುದಿನ ಮತ್ತೆ ಕರ್ತನ ಭೋಜನದ ಭಾನುವಾರ. ಜನ ಎಲ್ಲ ಹೋದ ಮೇಲೆ ದಾನಪ್ಪ ಎಣ್ಣೆ ಡಬ್ಬಿ ಹಿಡಿದು ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತ. ಮಷಿನ್‌ನ ತಳ ಬಿಚ್ಚಿ ನೋಡಿ, ಯಾರಿಗೂ ಅಲ್ಲವೆಂಬಂತೆ, ‘ಬಿಗದು ಕುಂತೈತಿ’ ಎಂದ.

‘ಯಾವುದು?’ ಎಸ್ತೇರಕ್ಕ ಕುಳಿತಲ್ಲಿಂದಲೇ ಕೇಳಿದರು.

‘ಮಷಿನ್.’

‘ಇರ್ಲಿ ಬಿಡು. ನಿಂಗ ಒಪ್ಪಿಗಿಲ್ಲಲ್ಲ.’

‘ಒಪ್ಪಿಗಿಲ್ಲ. ಮಷಿನ್ ಏನ್ ಪಾಪ ಮಾಡೈತಿ?’

ಎಸ್ತೇರಕ್ಕ ಎದ್ದು ಹೋಗಿ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಅವನು ಸ್ಕ್ರೂಗಳನ್ನು ಒಂದೊಂದೇ ಬಿಚ್ಚಿದ, ಅವರು ಅಂಗೈಯಲ್ಲಿ ಇಸಿದುಕೊಂಡರು. ಸ್ವಚ್ಛ ಮಾಡಿ, ಅವರ ಅಂಗೈಯಿಂದ ಒಂದೊಂದೇ ತೆಗೆದುಕೊಂಡು ತಿರುಗಿ ಕೂಡಿಸಿದ. ಕೊನೆಗೆ ಅವನೇ ಒಂದು ಚಿಂದಿ ತೆಗೆದುಕೊಂಡು ಸೂಜಿಯ ಕೆಳಗೆ ಓಡಿಸಿ ನೋಡಿ ಅಕ್ಕನ ಕೈಗೆ ಕೊಟ್ಟ. ಎಸ್ತೇರಕ್ಕ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಛಲೋ ಆತು’ ಎಂದರು. ಮರುದಿನ ಸಭೆಯಲ್ಲಿ ಇಬ್ಬರೂ ಬೆಂಚಿನಿಂದ ಎದ್ದು ಮುಂದೆ ಹೋದರೆಂದು ಎಸ್ತೇರಕ್ಕ ಮಹಡಿಗೆ ಚಹಾ ತಂದುಕೊಟ್ಟಾಗ ಹೇಳಿದರು.

ಆ ವರ್ಷದ ಕೊನೆಗೆ ನನಗೆ ಬೇರೆ ಊರಿಗೆ ವರ್ಗವಾಯಿತು. ಲೇಖನ ಅಚ್ಚಾಗಲಿಲ್ಲ. ಸಂಪಾದಕರು ‘ಕೊನೆಗೇನಾಯಿತು?’ ಎಂದು ಕೇಳಿದರು. ಬರೆದದ್ದನ್ನು ತಿರುಗಿ ಚೀಲಕ್ಕೆ ಹಾಕಿಕೊಂಡೆ.

ಈ ಜೂನ್‌ನಲ್ಲಿ ನಾನು ಮತ್ತೆ ಈ ಊರಿಗೆ ವರ್ಗವಾಗಿ ಬಂದು ಆ ಚಾವಣಿಯ ಕೆಳಗೆ ನಿಂತಿದ್ದಾಗ ಎಸ್ತೇರಕ್ಕ ತೀರಿಹೋಗಿ ಆರು ತಿಂಗಳಾಗಿತ್ತು. ಕಳೆದ ಚಳಿಗಾಲದಲ್ಲಿ, ಸ್ವಲ್ಪ ದಿನದ ಕಾಯಿಲೆಯಲ್ಲಿ. ಅವರ ಮಣ್ಣಿಗೆ ನನಗೆ ಬರಲಾಗಿರಲಿಲ್ಲ. ಒಳಗೆ ಹೋದೆ. ದಾನಪ್ಪನ ಮೀಸೆ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದುಕೊಂಡ, ಆಮೇಲೆ ಕುರ್ಚಿ ಎಳೆದ. ಅಕ್ಕನ ಮಣ್ಣಿಗೆ ರೇಣುಕಾ ಬಂದಿದ್ದಳಂತೆ. ತನ್ನ ಶೆಡ್ಡಿನ ಹೆಂಗಸರನ್ನೆಲ್ಲ ಕರೆದುಕೊಂಡು, ಅಂದು ಕೆಲಸ ನಿಲ್ಲಿಸಿ. ಮುಂದಿನ ಶೆಡ್ಡುಗಳ ಸಾಲಿನಲ್ಲಿ ಅವಳದೂ ಒಂದು ಘಟಕವಿದೆ. ಆ ಶಾಲೆ ಈಗ ಪೂರ್ತಿ ಅವಳದೇ. ಇವನದು ಇನ್ನೂ ಆಸ್ಪತ್ರೆಯ ಹಾಸಿಗೆ ಬಟ್ಟೆ.

‘ಆಕಿ ಶೆಡ್ಡಿನ್ಯಾಗ ಮೂಲಿ ಐತೇನು?’ ಎಂದು ಕೇಳಿದೆ.

‘ಇಲ್ರಿ. ನಾ ಕೇಳ್ದೆ. ನಂಗ ಅಷ್ಟು ಧೈರ್ಯ ಇಲ್ಲಣ್ಣಾ ಅಂದ್ಲು.’

ನಾನು ಬಾಗಿಲ ಕಡೆ ತಿರುಗಿದೆ. ಮೂಲೆಯಲ್ಲಿ ಮಷಿನ್ ಹಾಗೇ ಇತ್ತು. ನಡುವಯಸ್ಸಿನ ಒಬ್ಬ ಹೆಂಗಸು ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಳೆಯ ಸೀರೆಯೊಂದನ್ನು ಮಡಚಿ ಹೊಲಿಯುತ್ತಿದ್ದಳು. ನಮ್ಮ ಕಡೆ ನೋಡಲಿಲ್ಲ.

‘ಅಂತೂ ನೀ ಒಪ್ಪಿಗೊಂಡಿ ಅನಸ್ತೈತಿ’ ಎಂದೆ.

‘ಇಲ್ರಿ. ಖರೇ ಹೇಳ್ತೇನಿ, ಇವತ್ತಿಗೂ ಒಪ್ಪಿಗಿಲ್ಲ. ಅಕ್ಕ ಹೋದ ಮ್ಯಾಲೆ ಆ ಮಷಿನ್ ಕೆಲಸದ ಸಾಲಿಗೆ ತರೂಣು ಅಂತ ನಟ್ ಬಿಚ್ಚೋ ಪಾನಾ ಹಿಡಕೊಂಡು ಎಷ್ಟ ಸಲ ಹೋಗೇನಿ.’ ಧ್ವನಿ ತಗ್ಗಿಸಿ ಮೂಲೆಯ ಕಡೆ ಗಲ್ಲ ತೋರಿಸಿದ. ‘ಹೋದಾಗೊಮ್ಮೆ ಯಾರರ ಒಬ್ರು ಕುಂತಿರ್ತಾರ. ಎಬ್ಬಸೂದು ಹೆಂಗ್ರಿ?’